ಬಲದ ಎತ್ತು ಎಡಕ್ಕೆ

ನನ್ನ ಹತ್ತಿರ ಡ್ರಾಯಿಂಗ್ ಮಾಸ್ತರರ ಒಂದೇ ಫೋಟೊ ಇದೆ. ಅದರಲ್ಲಿ ಅವರ ಮುಖವಿಲ್ಲ. ಶಾಲೆಯ ಶಿಕ್ಷಕರೆಲ್ಲ ಎರಡು ಸಾಲಿನಲ್ಲಿ ಉಸಿರು ಬಿಗಿಹಿಡಿದು ತೆಗೆಸಿಕೊಂಡ ಗುಂಪು ಫೋಟೊ. ಹಿಂದಿನ ಸಾಲಿನಲ್ಲಿ ಎಡದಿಂದ ಮೂರನೆಯ ಜಾಗದಲ್ಲಿ ಒಂದು ಬಿಳಿ ಅಂಗಿ ಇದೆ. ಅಂಗಿಯ ಮೇಲೆ, ಮುಖ ಇರಬೇಕಾದಲ್ಲಿ, ಯಾರೋ ಕುಂಚ ಒರೆಸಿದಂತೆ ಒಂದು ಕಂದು ಗೀಟು. ಫೋಟೊ ತೆಗೆಯುವವನು "ಅಲ್ಲಾಡಬ್ಯಾಡ್ರಿ ಸರ" ಎಂದು ಮೂರು ಸಲ ಹೇಳಿದ್ದ. ಮೂರನೆಯ ಸಲಕ್ಕೆ ಅವರು ಪಕ್ಕದವರ ಕಡೆ ತಿರುಗಿ, "ನಾ ಎಲ್ಲಿ ಅಲ್ಲಾಡಾಕತ್ತೇನಿ, ನೀವರ ಹೇಳ್ರಿ" ಎಂದರು. ಅವನು ಗುಂಡಿ ಒತ್ತಿದ್ದು ಆಗಲೇ.

ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂತು. ಆ ದಿನ ಫೋಟೊ ಪೆಟ್ಟಿಗೆಯಿಂದ ಹೊರತೆಗೆದು ಮೇಜಿನ ಮೇಲೆ ಇಟ್ಟವನು ಇನ್ನೂ ಒಳಗಿಟ್ಟಿಲ್ಲ. ಇದನ್ನು ಬರೆಯಲು ಕೂತಾಗ ಮೊದಲೆರಡು ದಿನ ಅಕ್ಷರಗಳು ಸೊಟ್ಟಗಾದವು. ಅವರಿದ್ದಿದ್ದರೆ ಆ ಅಕ್ಷರಗಳನ್ನೇ ಮೆಚ್ಚುತ್ತಿದ್ದರು. ನಾನು ಗಣಿತ ಕಲಿಸಿದವನು. ಕಂಡದ್ದನ್ನು ಕಂಡಷ್ಟೇ ಹೇಳುವುದು ನನ್ನ ರೂಢಿ. ಮುಂದೆ ಬರುವುದರಲ್ಲಿ ಒಂದೇ ಒಂದು ಸಂಗತಿ ನಾನು ಕೇಳಿದ್ದು, ಉಳಿದದ್ದೆಲ್ಲ ನೋಡಿದ್ದು.

ತೊಂಬತ್ತರ ದಶಕದ ಆರಂಭದಿಂದ ಹದಿಮೂರು ವರ್ಷ ಸಿಂದಗಿಯ ಒಂದು ಹೈಸ್ಕೂಲಿನಲ್ಲಿ ನಾವಿಬ್ಬರೂ ಜೊತೆಗಿದ್ದೆವು. ಅವರು ನನಗಿಂತ ಎಂಟು ವರ್ಷ ದೊಡ್ಡವರು. ಅಷ್ಟು ವರ್ಷಗಳಲ್ಲಿ ಅವರು ಅಲುಗಾಡದೆ ನಿಂತದ್ದನ್ನು ನಾನು ಕಂಡದ್ದು ಒಂದೇ ಸಲ. ರಾಷ್ಟ್ರಗೀತೆಯನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ. ಆಗಲೂ ಚಪ್ಪಲಿಯೊಳಗೆ ಅವರ ಹೆಬ್ಬೆರಳು ಆಡುತ್ತಿತ್ತು.

ನಾನು ಕೆಲಸಕ್ಕೆ ಸೇರಿದ ಮೊದಲ ವಾರ. ಕಿಟಕಿಯಿಂದ ನೋಡಿದರೆ ಮೈದಾನದಲ್ಲಿ ನಲವತ್ತು ಮಕ್ಕಳು ಕೈ ಅಗಲಿಸಿ ಬುಗುರಿಯಂತೆ ತಿರುಗುತ್ತಿದ್ದಾರೆ. ನಡುವೆ ಮಾಸ್ತರರೂ ತಿರುಗುತ್ತಿದ್ದಾರೆ. ಏಳು ಸುತ್ತು ಎಣಿಸಿ ಎಲ್ಲರೂ ಧೊಪ್ಪೆಂದು ನೆಲಕ್ಕೆ ಕೂತು ಹಾಳೆಯ ಮೇಲೆ ಗೆರೆ ಎಳೆಯತೊಡಗಿದರು.

"ಸರ, ತೆಲಿ ತಿರಗಾಕತ್ತೈತ್ರಿ" ಎಂದಳು ಒಬ್ಬ ಹುಡುಗಿ.

"ತಿರಗಲಿ. ಅದಕ್ಕ ತಿರಗ್ಸೀನಿ. ಆ ತಿರಗೂದನ್ನ ಕಾಗದದ ಮ್ಯಾಲ ಇಡು, ಲಗೂನ. ನಿಂತು ಹೋಗ್ತೈತಿ."

ಗಂಟೆಯಾದ ಮೇಲೆ ನಾನು ವಿಚಾರಿಸಿದೆ. ಇದು ಯಾವ ಪಾಠದಲ್ಲಿದೆ ಎಂದು ಕೇಳಿದೆನೆಂದು ನೆನಪು. ಅವರು ನನ್ನ ಎರಡೂ ಭುಜ ಹಿಡಿದು ಸ್ಟಾಫ್ ರೂಮಿನ ನಡುವೆ ಏಳು ಸಲ ತಿರುಗಿಸಿದರು. ಗೋಡೆ, ನಕಾಶೆ, ನೀರಿನ ಕೊಡ, ಹೆಡ್ ಮಾಸ್ತರರ ಟೋಪಿ ಎಲ್ಲ ಒಂದೇ ಪಟ್ಟಿಯಾಗಿ ಓಡಿದವು. ಕೈಗೆ ಸೀಮೆಸುಣ್ಣ ಕೊಟ್ಟು, "ಎಳೀರಿ" ಎಂದರು. ನಾನು ಕಪಾಟಿನ ಬಾಗಿಲ ಮೇಲೆ ಏನೋ ಎಳೆದು ಕಪಾಟನ್ನೇ ಹಿಡಿದು ನಿಂತೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಷ್ಟು ನಕ್ಕು ಬಹಳ ವರ್ಷವಾಗಿತ್ತು. ಅವರು ಆ ಗೆರೆಯ ಮೇಲೆ ಬಣ್ಣ ಎಳೆದು ಕೆಳಗೆ ಬರೆದರು: "ಗಣಿತದ ಮಾಸ್ತರು ಎಳೆದ ಮೊದಲ ಗೆರೆ." ಅದು ಅಲ್ಲಿ ಐದು ವರ್ಷ ಇತ್ತು. ಕಪಾಟಿಗೆ ಹೊಸ ಬಣ್ಣ ಹೊಡೆಯುವಾಗಲೂ ಬಾಗಿಲಿನ ಆ ಭಾಗ ಬಿಟ್ಟು ಹೊಡೆಸಿದರು.

ಅವರ ವಿದ್ಯೆಯೆಲ್ಲ ಇದ್ದದ್ದು ಒಂದೇ ಪ್ರಶ್ನೆಯಲ್ಲಿ. ಕಾಗದ ಅಲುಗಾಡುವುದಿಲ್ಲ, ಗೋಡೆ ಅಲುಗಾಡುವುದಿಲ್ಲ, ಅದರ ಮೇಲೆ ಬರೆದದ್ದು ಓಡಬೇಕು, ಹೇಗೆ? ಮಕ್ಕಳಿಗೆ ಅವರು ಹೇಳುತ್ತಿದ್ದುದು ಇಷ್ಟು: "ಅಡ್ಡ ಗೆರಿ ಮಲಗೇತಿ. ಉದ್ದ ಗೆರಿ ನಿಂತೈತಿ. ಓರೆ ಗೆರಿ ಓಡಾಕತ್ತೈತಿ." ಒಮ್ಮೆ ನನ್ನ ತರಗತಿಗೆ ಮೂಲೆಮಟ್ಟ ಕೇಳಲು ಬಂದವರು ಹಲಗೆಯ ಮೇಲಿನ ತ್ರಿಕೋನ ನೋಡಿ, "ನಿಮ್ಮ ತ್ರಿಕೋನ ಕೂತ್ ಬಿಟ್ಟೈತ್ರಿ ಸರ. ಅದರ ಕುಂಡಿ ಒಂದೀಟು ಎತ್ರಿ, ಹೊಂಡತೈತಿ" ಎಂದು ಹೇಳಿ ಹೋಗಿಬಿಟ್ಟರು. ಆ ಗಂಟೆಯಲ್ಲಿ ಮುಂದೆ ಪಾಠ ನಡೆಯಲಿಲ್ಲ. ಮಕ್ಕಳು ಬೆಂಚಿನ ಕೆಳಗೆ ತಲೆ ಹಾಕಿ ನಗುತ್ತಿದ್ದರು.

ಇನ್ನೊಂದು ಮಾತು: "ನೋಡೋರ ಕಣ್ಣು ದನ ಇದ್ದಂಗ. ಹಂಗ ಬಿಟ್ರ ಎಲ್ಲಿ ಬೇಕಲ್ಲಿ ಮೇಯ್ತೈತಿ. ನಾವು ದಾರಿ ಹಾಕಿ ಕೊಡಬೇಕು." ಜೋಳದ ಹೊಲ ಬರೆಯುವಾಗ ಅವರು ಗಾಳಿಯನ್ನು ಬರೆಯುತ್ತಿರಲಿಲ್ಲ. ಮೊದಲ ದಂಟು ನೆಟ್ಟಗೆ, ಎರಡನೆಯದು ತುಸು ಬಾಗಿ, ಮೂರನೆಯದು ಇನ್ನೂ ಬಾಗಿ, ಹತ್ತನೆಯದು ನೆಲ ಮುಟ್ಟುವಂತೆ. ನಾನು ಕೋನಮಾಪಕ ಹಿಡಿದು ನೋಡಿದ್ದೇನೆ. ಬಾಗು ಒಂದೇ ಸಮನಾಗಿ ಹೆಚ್ಚುತ್ತಿರಲಿಲ್ಲ, ಕೊನೆಗೆ ಬಂದಂತೆ ಜಿಗಿಯುತ್ತಿತ್ತು. ಹೇಳಿದೆ. "ಗಾಳಿಗೆ ಗಣಿತ ಬರಂಗಿಲ್ರಿ" ಎಂದರು.

ಮುದ್ದೇಬಿಹಾಳದ ಚಹಾದಂಗಡಿಯ ಸಂಗತಿ ನಾನು ಕೇಳಿದ್ದು. ಬೋರ್ಡಿನ ಮೇಲೆ ಅವರು ಚಹಾದ ಕಪ್ಪೂ ಬಸಿಯೂ ಬರೆದು, ಹಬೆಯನ್ನು ಬಾಗಿಲಿನ ಕಡೆ ಓರೆಯಾಗಿ ಎಳೆದರಂತೆ. ಮಾಲೀಕರು, "ಹೊಗಿ ಯಾಕ್ರಿ ಸೊಟ್ಟ ಹೊಂಟೈತಿ?" ಎಂದರೆ, "ಅದು ಒಳಗ ಹೊಂಟೈತಿ. ಅದರ ಬೆನ್ನ ಹತ್ತಿ ಮಂದಿನೂ ಬರ್ತಾರ, ನೋಡ್ರಿ" ಎಂದರಂತೆ. ಮುಂದೆ ನಾನೇ ಒಮ್ಮೆ ಆ ಊರಿಗೆ ಹೋದಾಗ, ಚಹಾ ಬೇಡವೆಂದುಕೊಂಡು ಹೊರಟವನು ಆ ಅಂಗಡಿಯೊಳಗೆ ಕೂತಿದ್ದೆ. ಇದು ಮಾತ್ರ ನೋಡಿದ್ದು.

ಬಾಗೇವಾಡಿಯಿಂದ ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರೆ ಅವರು ಹೊರಗಿನದನ್ನು ಬರೆಯುತ್ತಿರಲಿಲ್ಲ. ಪೆನ್ಸಿಲ್ಲಿನ ತುದಿಯನ್ನು ಹಾಳೆಗೆ ತಾಗಿಸಿ ಸುಮ್ಮನೆ ಹಿಡಿಯುತ್ತಿದ್ದರು. ಬಸ್ಸು ಕುಲುಕಿದಂತೆ ಗೆರೆ ತಾನೇ ಮೂಡುತ್ತಿತ್ತು. ಕಂಡಕ್ಟರ್ ಬಗ್ಗಿ ನೋಡಿ, "ಏನ್ರಿ ಇದು ಮಾಸ್ತರ?" ಎಂದ. "ನಿಮ್ಮ ರಸ್ತೆ" ಎಂದರು. "ಇಷ್ಟು ಕೆಟ್ಟೈತೇನ್ರಿ?" ಎಂದು ಅವನು ಹಾಳೆಯನ್ನು ಇಸಿದುಕೊಂಡು ಹೋಗಿ ಡ್ರೈವರನಿಗೆ ತೋರಿಸಿದ. ಡ್ರೈವರ್ ಒಂದು ಕೈಯಲ್ಲಿ ಅದನ್ನು ಹಿಡಿದು, "ಇದ್ಯಾವ ತೆಗ್ಗು? ಹಾಂ, ಇದು ಆಗಳೆ ಬಿದ್ದದ್ದು" ಎಂದು ಓದಿದ.

ಇಂಥ ಮನುಷ್ಯನಿಗೆ ಜೀವನದಲ್ಲಿ ಒಂದೇ ಆಸೆ ಇತ್ತು, ಗೋಡೆ. ಅಂಗಡಿ ಬೋರ್ಡು, ಕರಿಹಲಗೆ, ಡ್ರಾಯಿಂಗ್ ಹಾಳೆ ಬಿಟ್ಟು ಬೇರೆ ಜಾಗ ಅವರಿಗೆ ಸಿಕ್ಕಿರಲಿಲ್ಲ. "ಎರಡ ಹೆಜ್ಜಿ ಇಡೂದ್ರೊಳಗ ಕಾಗದ ಮುಗೀತೈತ್ರಿ. ಎತ್ತು ಓಡೂದು ಎಲ್ಲಿ?" ಎನ್ನುತ್ತಿದ್ದರು. ದನದ ಸಂತೆ ಕೂಡುವ ಬಯಲಿಗೆ ಒಂದು ಉದ್ದ ಗೋಡೆ ಇತ್ತು, ನನ್ನ ಹೆಜ್ಜೆಯಲ್ಲಿ ಮೂವತ್ತೆರಡು. ಹನ್ನೊಂದು ವರ್ಷ ಅದನ್ನು ಕೇಳಿದ್ದರು. ಎರಡು ಸಾವಿರದ ಇಸವಿಗೆ ಒಂದೆರಡು ವರ್ಷ ಮೊದಲು ಸಂತೆ ನೋಡಿಕೊಳ್ಳುವ ಹಿರಿಯರು ಕಡೆಗೂ ಒಪ್ಪಿದರು. ಷರತ್ತು ಒಂದೇ. ಗೊಬ್ಬರದ ಜಾಹೀರಾತಿನವರೂ ಅದೇ ಗೋಡೆ ಕೇಳಿದ್ದಾರೆ, ಸಂತೆಯ ದಿನ ರೈತರು ಚಿತ್ರ ನೋಡಿ ತಲೆದೂಗಿದರೆ ಉಳಿಯುತ್ತದೆ, ಇಲ್ಲದಿದ್ದರೆ ಅಂದೇ ಸುಣ್ಣ.

ಯಾವ ಎತ್ತು ಬರೆಯಬೇಕೆಂಬುದರಲ್ಲಿ ಅನುಮಾನವಿರಲಿಲ್ಲ. ದೇವಣಗಾಂವದಲ್ಲಿ ಒಬ್ಬ ಹಿರಿಯ ರೈತರಿದ್ದರು, ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ಅವರ ಜೋಡಿ ಸರ್ಜಾ ಮತ್ತು ರಾಜಾ. ಸುತ್ತಲ ಸಂತೆಗಳಲ್ಲಿ ಅವನ್ನು ಅರಿಯದವರಿಲ್ಲ. ಎರಡೂ ಹಾಲುಬಿಳುಪು. ಸರ್ಜಾನ ಒಂದು ಕೊಂಬಿನ ತುದಿ ಮುರಿದಿತ್ತು. ರಾಜಾನ ಬೆನ್ನ ಮೇಲೇಳುವ ಹಿಣಿಲಿನ ತುದಿಗೆ ಅಂಗೈಯಗಲ ಕಪ್ಪು ಮಚ್ಚೆ ಇತ್ತು.

ಬೇಸಿಗೆ ರಜೆಯಲ್ಲಿ ನಾವಿಬ್ಬರೂ ಅಲ್ಲಿಗೆ ಒಂಬತ್ತು ಸಲ ಹೋದೆವು. ಚಾಚಾ ಬಂಡಿ ಓಡಿಸುತ್ತಿದ್ದರು. ಮಾಸ್ತರರು ಹಾಳೆ ಹಿಡಿದು ಪಕ್ಕದಲ್ಲೇ ಓಡುತ್ತಿದ್ದರು. ನಾನು ಬೇವಿನ ಮರದ ಕೆಳಗೆ ಕೂತು ಯಾವ ಗೊರಸು ಮೊದಲು ನೆಲ ಬಿಡುತ್ತದೆಂದು ವಹಿಯಲ್ಲಿ ಬರೆಯುತ್ತಿದ್ದೆ. ಧೂಳಿನಲ್ಲಿ ಏದುಸಿರು ಬಿಡುತ್ತ ಮಾಸ್ತರರು ಬಂದು ನಿಂತರೆ ಚಾಚಾ ಮುಖ ಬದಲಿಸದೆ ಹೇಳುತ್ತಿದ್ದರು: "ಮೂರೂ ಛಲೋ ಓಡಿದವು. ಮೂರನೇದಕ್ಕ ಒಂದೀಟು ಹಿಂಡಿ ಕಡಿಮಿ ಆಗೈತಿ."

ಒಂದು ಮಾತನ್ನು ಚಾಚಾ ಮೊದಲ ದಿನವೇ ಹೇಳಿದ್ದರು. "ಸರ್ಜಾ ಎಡಕ್ಕ, ರಾಜಾ ಬಲಕ್ಕ. ಕರು ಇದ್ದಾಗಿಂದ ಹಂಗ. ನೊಗ ಎತ್ತಿ ಹಿಡದರ ಸಾಕು, ತಾವ ಬಂದು ತಮ್ಮ ಜಾಗಾದಾಗ ನಿಂದರ್ತಾವ. ಬದಲ್ ಮಾಡಿ ಹೂಡಿದ್ರ ಒಂದ ಹೆಜ್ಜಿ ಇಡಂಗಿಲ್ಲ." ನಾನು ಅದನ್ನೂ ವಹಿಯಲ್ಲಿ ಬರೆದುಕೊಂಡಿದ್ದೆ.

ಹಾಳೆಗಳನ್ನು ಅಂಟಿಸಿ ಎತ್ತಿನಷ್ಟೇ ದೊಡ್ಡ ಚಿತ್ರ ಸಿದ್ಧವಾಯಿತು. ಬಂಡಿ ಎಡದಿಂದ ಬಲಕ್ಕೆ ಓಡುತ್ತಿತ್ತು. ಹಾಗಾಗಿ ನೋಡುವವರಿಗೆ ಹತ್ತಿರ ಕಾಣುವುದು ಬಲದ ಎತ್ತು ರಾಜಾ, ಅದರ ಆಚೆ ಅರ್ಧ ಕುತ್ತಿಗೆ ಮುಂದೆ ಸರ್ಜಾ. ಗೆರೆಯ ಉದ್ದಕ್ಕೂ ಸೂಜಿಯಿಂದ ತೂತು ಚುಚ್ಚಿದವನು ನಾನು. ಗೋಡೆಗೆ ಹಾಳೆ ಹಿಡಿದು, ಇದ್ದಿಲ ಪುಡಿಯ ಗಂಟಿನಿಂದ ತಟ್ಟಿದರೆ ಚುಕ್ಕಿ ಚುಕ್ಕಿಯಾಗಿ ಚಿತ್ರ ಮೂಡುತ್ತದೆ.

ಸಂತೆಗೆ ಐದು ದಿನ ಇರುವಾಗ ಬಯಲಿಗೆ ಹೋದರೆ, ಗೋಡೆಯ ಬಲತುದಿಗೆ ಹೊಸದಾಗಿ ನೀರಿನ ತೊಟ್ಟಿ ಕಟ್ಟಿದ್ದರು. ಮಾಸ್ತರರು ಹಾಳೆ ಹಿಡಿದು ನೋಡಿದರು. ಎತ್ತಿನ ಮೂಗು ಹೋಗಿ ತೊಟ್ಟಿಗೆ ತಾಗುತ್ತಿತ್ತು.

"ಆತು, ಮುಗೀತು" ಎಂದರು. "ಓಡೂದಕ್ಕ ಮುಂದ ಬಯಲ ಬೇಕ್ರಿ. ಇವು ಓಡಾಕತ್ತಿಲ್ಲ, ನೀರ ಕುಡ್ಯಾಕ ಹೊಂಟಾವ."

ಎಡಕ್ಕೆ ಸರಿಸಿದರೂ ಅವು ತೊಟ್ಟಿಯ ಕಡೆಗೇ ಓಡುತ್ತಿದ್ದವು, ಆದರೆ ಎಡತುದಿಯ ಆಚೆ ಬಯಲು ತೆರೆದಿತ್ತು. ನಾನು ಹೇಳಿದೆ: "ಹಾಳೆ ಮಗುಚಿ ಹಚ್ಚಿರಿ. ಬಲದಿಂದ ಎಡಕ್ಕೆ ಓಡ್ತಾವ."

ಅವರು ಹಾಳೆಯನ್ನು ತಿರುಗಿಸಿ ಹಿಡಿದರು. "ಏನೂ ಬದಲ್ ಆಗಂಗಿಲ್ಲಲ್ರಿ?"

"ಏನೂ ಬದಲಾಗಂಗಿಲ್ಲ" ಎಂದೆ. "ಕನ್ನಡಿಯೊಳಗಿನ ಆಕೃತಿಗೆ ಉದ್ದ ಅದೇ, ಕೋನ ಅದೇ. ಸರ್ವಸಮ."

"ನೀವು ಹೇಳಿದ್ರ ಮುಗೀತು" ಎಂದು ಅವರು ಇದ್ದಿಲ ಗಂಟು ಕೈಗೆತ್ತಿಕೊಂಡರು.

ಆಮೇಲಿನ ನಾಲ್ಕು ದಿನ ನನ್ನ ಬದುಕಿನಲ್ಲಿ ಮತ್ತೆ ಬಂದಿಲ್ಲ. ಹಿನ್ನೆಲೆಗೆ ಕೆಮ್ಮಣ್ಣು, ಎತ್ತಿಗೆ ಗೋಡೆಯ ಬಿಳುಪನ್ನೇ ಬಿಟ್ಟರು, ಗೆರೆಗೆ ಕಪ್ಪು. ಕಾಲ ಕೆಳಗಿನ ಧೂಳನ್ನು ಕುಂಚದಲ್ಲಿ ಅಲ್ಲ, ಪೊರಕೆಯಲ್ಲಿ ಬಡಿದರು. ಹತ್ತು ಹೆಜ್ಜೆ ಹಿಂದಕ್ಕೆ ಓಡುವುದು, ನೋಡುವುದು, ಮುಂದಕ್ಕೆ ಓಡುವುದು. ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು, "ಈ ಕಡೆಯಿಂದ ಆ ಕಡೆ ಓಡ್ರಿ, ಗ್ವಾಡಿ ನೋಡಕೋಂತ" ಎನ್ನುತ್ತಿದ್ದರು. ಹಾಲಿನವರು ಓಡಿದರು. ಪೋಸ್ಟಮನ್ ಸೈಕಲ್ಲಿನ ಮೇಲೆ ಹೋಗಿ ಬಂದು, "ನನ್ನ ಸಂಗಾಟ ಓಡತಾವಲ್ರಿ ಇವು" ಎಂದು ಮತ್ತೊಮ್ಮೆ ಹೋದ. ಹೆಡ್ ಮಾಸ್ತರರು ಗಂಭೀರವಾಗಿ ನಡೆದು ಹೋದರು. ಅರ್ಧ ಗೋಡೆ ದಾಟಿದ ಮೇಲೆ ಅವರ ನಡಿಗೆಯೂ ಜೋರಾದದ್ದನ್ನು ನಾನು ಕಂಡೆ.

ಸಂತೆಯ ದಿನ ಬೆಳಿಗ್ಗೆ ಮೊದಲು ಬಂದದ್ದು ಒಂದು ಹೋರಿ. ಗೋಡೆಯ ತಿರುವಿಗೆ ಬಂದದ್ದೇ ಚಿತ್ರ ಕಂಡು ಬೆದರಿ ಪಕ್ಕಕ್ಕೆ ಜಿಗಿಯಿತು. ಅದರ ಹಗ್ಗ ಹಿಡಿದಿದ್ದವನೂ ಜಿಗಿದ. ಮಾಸ್ತರರು ನನ್ನ ಕೈ ಹಿಡಿದು ಕುಣಿದುಬಿಟ್ಟರು. ಜನ ಕೂಡಿತು. "ಅಬಾಬಾ, ಏನ್ ಹೊಂಟಾವ್ಲೇ" ಎಂದು ಒಬ್ಬ, "ಸರೀ ಸರೀ, ಮೈ ಮ್ಯಾಲ ಬರ್ತಾವ" ಎಂದು ಇನ್ನೊಬ್ಬ. ಸಂತೆಯ ಹಿರಿಯರೂ ಮೀಸೆಯೊಳಗೆ ನಕ್ಕರು.

ಆಗ ಒಬ್ಬ ಮುದುಕ ಕೋಲೂರಿಕೊಂಡು ಗೋಡೆಯ ಹತ್ತಿರ ಬಂದ. ಬಹಳ ಹೊತ್ತು ನೋಡಿದ. "ಇವು ಚಾಚಾನ ಎತ್ತಲ್ಲೇನು?" ಎಂದ.

"ಹೌದ್ರಿ."

"ಮತ್ತ ರಾಜಾ ಇಲ್ಲ್ಯಾಕ ಬಂತು? ಈ ಕಡೆ ಎಡ ಅಲ್ಲೇನೋ ತಮ್ಮ? ಬಲದ ಎತ್ತು ಎಡಕ್ಕ ಹೂಡೀರಲ್ಲ."

ನಗು ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಿತು. "ಮಾಸ್ತರ, ಈ ಬಂಡಿ ಸಾಲಿಗಿ ಹೋಗ್ತೈತೋ ದವಾಖಾನಿಗೋ?" "ಬರೆಯಾಕ ಬರ್ತೈತಿ, ಹೂಡಾಕ ಬರಂಗಿಲ್ಲ." ಹಿರಿಯರ ಮುಖದ ನಗು ಹೋಯಿತು. ಅವರು ಬಕೆಟ್ಟು ಹಿಡಿದು ಕಾದಿದ್ದ ಸುಣ್ಣದವನ ಕಡೆ ಕೈ ಮಾಡಿದರು.

ಮಾಸ್ತರರು ಅಲುಗಾಡದೆ ನಿಂತದ್ದು ಆಗ. ಕುಂಚ ಹಿಡಿದ ಕೈ ಅಲುಗಲಿಲ್ಲ. ಹೆಬ್ಬೆರಳನ್ನೂ ನೋಡಿದೆ, ಅದೂ ಅಲುಗಲಿಲ್ಲ.

ಹಾಳೆ ಮಗುಚಲು ಹೇಳಿದ್ದು ನಾನು ಎಂದು ಹೇಳಬೇಕಾದ ಹೊತ್ತು ಅದು. ನಾನು ಹೇಳದೆ, ಬಗ್ಗಿ ಬಣ್ಣದ ಡಬ್ಬಿಗೆ ಮುಚ್ಚಳ ಹಾಕಿದೆ. ಅಲ್ಲಿ ನನ್ನ ವಿದ್ಯಾರ್ಥಿಗಳ ತಂದೆಯರಿದ್ದರು, ನಾನು ಊರಿಗೆ ತಪ್ಪು ಮಾಡದ ಮಾಸ್ತರನಾಗಿದ್ದೆ. ಮಾಸ್ತರರು ನನ್ನ ಕಡೆ ನೋಡಲಿಲ್ಲ. "ಹೌದ್ರಿ, ತಪ್ಪಾತು" ಎಂದರು, ಮೆಲ್ಲಗೆ.

ಚಾಚಾ ಬಂದದ್ದು ಅಷ್ಟರಲ್ಲಿ, ಅದೇ ಜೋಡಿ ಹೂಡಿದ ಬಂಡಿಯಲ್ಲಿ. ಜನ ದಾರಿ ಬಿಟ್ಟಿತು. ಅವರು ಇಳಿದು ಗೋಡೆಯ ಬಲತುದಿಗೆ ಹೋದರು. ಅಲ್ಲಿಂದ ಎಡಕ್ಕೆ, ಗೋಡೆ ನೋಡುತ್ತ, ಮೊದಲು ನಿಧಾನ, ಆಮೇಲೆ ಬಿರಬಿರನೆ ನಡೆದರು. ತಿರುಗಿ ಬಂದು ಹಿರಿಯರಿಗೆ ಹೇಳಿದರು: "ತಪ್ಪ ಹೂಡ್ಯಾನ. ಖರೆ. ತಪ್ಪ ಹೂಡಿದ್ರ ನನ್ನ ಎತ್ತು ಒಂದ ಹೆಜ್ಜಿ ಇಡಂಗಿಲ್ಲ. ಇಂವಾ ಓಡ್ಸ್ಯಾನ. ಒಂದ ತಾಸು ಕೊಡ್ರಿ, ಸರಿ ಹೂಡ್ಲಿ."

ಮಾಸ್ತರರ ಹೆಬ್ಬೆರಳು ಅಲುಗಿತು. "ಎತ್ತು ಬದಲ್ ಮಾಡೂದು ಬ್ಯಾಡ್ರಿ, ಕೊಂಬು ಬದಲ್ ಮಾಡ್ತೇನಿ" ಎಂದವರೇ ಓಡಿದರು. ಮುಂದಿನ ಒಂದು ತಾಸು ಇಡೀ ಸಂತೆ ಚಿತ್ರ ಬರೆಯಿತು. ಆಚೆಯ ಎತ್ತಿನ ಮುರಿದ ಕೊಂಬನ್ನು ಬೆಳೆಸಿದರು, ಈಚೆಯ ಎತ್ತಿನ ಕೊಂಬಿನ ತುದಿಯನ್ನು ಕೆಮ್ಮಣ್ಣಿನಿಂದ ಮುಚ್ಚಿದರು. ಈಚೆಯದರ ಹಿಣಿಲಿನ ಮಚ್ಚೆಗೆ ಸುಣ್ಣ, ಆಚೆಯದಕ್ಕೆ ಹೊಸ ಮಚ್ಚೆ. "ಮ್ಯಾಲ, ಇನ್ನೂ ಮ್ಯಾಲ", "ಇಷ್ಟ ದೊಡ್ಡದಿಲ್ಲೋ ಅದು, ಹೋಗಿ ನೋಡಿ ಬಾ" ಎಂದು ಹತ್ತು ಕಡೆಯಿಂದ ಕೂಗು. ಯಾರೋ ನಿಜವಾದ ರಾಜಾನ ಮಚ್ಚೆಯ ಮೇಲೆ ಅಂಗೈ ಇಟ್ಟು ಅಳತೆ ಹಿಡಿದು, ಕೈಯನ್ನು ಹಾಗೇ ಎತ್ತಿಕೊಂಡು ಗೋಡೆಯವರೆಗೆ ಓಡಿ ಬಂದರು. ಮಾಸ್ತರರು ಏಣಿಯ ಮೇಲೆ ನಗುತ್ತಿದ್ದರು. ಬಣ್ಣದ ಡಬ್ಬಿ ಎತ್ತಿ ಕೊಡುತ್ತಿದ್ದ ನಾನೂ ನಗುತ್ತಿದ್ದೆ. ಅದರ ಬಗ್ಗೆ ನನಗೆ ಈಗಲೂ ನಾಚಿಕೆ ಇದೆ.

ಆತುರದಲ್ಲಿ ಹಳೆಯದು ಪೂರ್ತಿ ಮುಚ್ಚಲಿಲ್ಲ. ಸುಣ್ಣದ ಕೆಳಗೆ ಹಳೆಯ ಮಚ್ಚೆ ಬೂದಿಯಾಗಿ ಇಣುಕುತ್ತಿತ್ತು. ಮುಂದೆ ಹೊಸ ಮಚ್ಚೆ, ಹಿಂದೆ ಅದರ ನೆರಳಿನಂತೆ ಹಳೆಯದು. ಕೊಂಬಿನ ತುದಿಯೂ ಹಾಗೆಯೇ, ಬೀಸಿದ ಕೊಂಬು ಗಾಳಿಯಲ್ಲಿ ಬಿಟ್ಟ ಗುರುತಿನಂತೆ.

"ಇನ್ನೊಂದ ಕೈ ಬಡೀರಿ, ಕಾಣ್ತೈತಿ" ಎಂದರು ಹಿರಿಯರು.

ಮಾಸ್ತರರು ಹತ್ತು ಹೆಜ್ಜೆ ಹಿಂದೆ ಬಂದು ನೋಡಿದರು. "ಬ್ಯಾಡ್ರಿ. ಇರಲಿ" ಎಂದರು. "ನೋಡ್ರಿ, ಎಷ್ಟ ಜೋರ ಹೊಂಟಾವಂದ್ರ ಮಚ್ಚಿ ಹಿಂದ ಉಳದೈತಿ." ಮುದುಕ ಕೋಲು ನೆಲಕ್ಕೆ ಕುಟ್ಟಿ ನಕ್ಕ. ಗೋಡೆ ಉಳಿಯಿತು. ಸುಣ್ಣದವನು ಬಕೆಟ್ಟನ್ನು ನಮಗೇ ಬಿಟ್ಟು ಹೋದ.

ಕೆಲವು ವರ್ಷಗಳ ನಂತರ, ಅವರ ನಿವೃತ್ತಿಯ ದಿನ, ಹಾರ ತುರಾಯಿ ಎಲ್ಲ ಮುಗಿದ ಮೇಲೆ ಕೇಳಿದೆ. ಅಂದು ನನ್ನ ಹೆಸರು ಯಾಕೆ ಹೇಳಲಿಲ್ಲ?

ಅವರು ಹಾರದ ಹೂವು ಕಿತ್ತು ಗಾಳಿಗೆ ತೂರುತ್ತಿದ್ದರು, ಯಾವುದು ಹೇಗೆ ಬೀಳುತ್ತದೆಂದು ನೋಡಲು. "ನಾ ನಿಂತ್ರ ಒಂದ ತಾಸಿನ್ಯಾಗ ಓಡ್ತೇನ್ರಿ ಸರ" ಎಂದರು. "ನಿಮ್ಮನ್ನ ತಿರಗಸಾಕ ನನಗ ಏಳ ಸುತ್ತು ಬೇಕಾಗಿತ್ತು. ಮತ್ತ ನಿಂತಬಿಟ್ರ ಯಾರು ತಿರಗಸೋರು?"

ಸುದ್ದಿ ಬಂದ ಮೂರನೆಯ ದಿನ ನಾನು ಆ ಬಯಲಿಗೆ ಹೋದೆ. ಗೋಡೆ ಇದೆ. ಕೆಮ್ಮಣ್ಣು ಮಾಸಿದೆ. ಹಿಣಿಲಿನ ಮೇಲಿನ ಸುಣ್ಣ ಉದುರಿ ಹಳೆಯ ಮಚ್ಚೆ ಪೂರ್ತಿ ಹೊರಬಂದಿದೆ. ಬಿಸಿಲಿಗೆ ಹೊಸ ಮಚ್ಚೆಯೇ ಅಳಿಸಿಹೋಗಿದೆ. ರಾಜಾ ಮತ್ತೆ ಎಡಕ್ಕೆ ಬಂದಿದ್ದಾನೆ. ಆಕಳಿನ ಹಗ್ಗ ಹಿಡಿದ ನಡುವಯಸ್ಸಿನ ರೈತನೊಬ್ಬ ಪಕ್ಕದವನಿಗೆ ಅದನ್ನೇ ತೋರಿಸುತ್ತಿದ್ದ: "ಇವು ದೇವಣಗಾಂವದ ಎತ್ತು. ಬರದಾಂವಾ ಯಾವನೋ ಹುಚ್ಚ ಮಾಸ್ತರ, ಬಲದ್ದು ಎಡಕ್ಕ ಹೂಡ್ಯಾನ."

"ಅವರಲ್ರಿ" ಎಂದೆ. ದನಿ ನಾನು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು. "ಅವರು ಸರಿ ಬರೆದಿದ್ದರು. ಹಾಳೆ ಮಗುಚಿಸಿದವನು ನಾನು. ಏನೂ ಬದಲಾಗಂಗಿಲ್ಲ ಅಂತ ಹೇಳಿದವನೂ ನಾನೇ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಗೋಡೆ ನೋಡಿದ. "ಹೋಗ್ಲಿ ಬಿಡ್ರಿ ಅಜ್ಜಾರ" ಎಂದ. "ಹೆಂಗರ ಹೂಡವಲ್ರ್ಯಾಕ, ಓಡಾಕತ್ತಾವಲ್ಲ."

ಆ ರೈತರು ಹೋದ ಮೇಲೆ ನಾನು ಗೋಡೆಯ ಬಲತುದಿಗೆ, ತೊಟ್ಟಿಯ ಹತ್ತಿರ ಹೋದೆ. ಅಲ್ಲಿಂದ ಎಡಕ್ಕೆ, ಚಿತ್ರ ನೋಡುತ್ತ ಹೊರಟೆ. ಓಡಿದೆ ಎಂದು ಬರೆಯಲಾರೆ, ನನಗೆ ಮೊಣಕಾಲಿನ ನೋವಿದೆ. ಆದರೆ ಮೂವತ್ತೆರಡು ಹೆಜ್ಜೆಯ ಗೋಡೆ ಅಂದು ಇಪ್ಪತ್ತಾರಕ್ಕೇ ಮುಗಿಯಿತು.